ಅಪ್ಪ ಅಮ್ಮ ಬಂದರು, ಸೂಟ್‌ಕೇಸ್ ಬರಲಿಲ್ಲ. ಪರಿಹಾರ ಕೇಳುವುದು ಹೇಗೆ?

ಬನಶಂಕರಿ_ಮಗಳು, ಸೋಮವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ. ತಂಗಿಯ ಬಾಣಂತನಕ್ಕೆ ಡಬ್ಲಿನ್‌ಗೆ ಹೋಗಿದ್ದ ಅಪ್ಪ ಅಮ್ಮ ಎರಡೂವರೆ ತಿಂಗಳಾದ ಮೇಲೆ ನಿನ್ನೆ ಬೆಳಗಿನ ಜಾವ ಮೂರು ಗಂಟೆಗೆ ನಮ್ಮ ಕೆಂಪೇಗೌಡ ವಿಮಾನ ನಿಲ್ದಾಣದ ಟರ್ಮಿನಲ್ 2ರಲ್ಲಿ ಇಳಿದರು. ನಡುವೆ ಒಂದು ಕಡೆ ವಿಮಾನ ಬದಲಿಸಿದ್ದಾರೆ, ಎರಡು ಬೇರೆ ಕಂಪನಿ, ಆದರೆ ಟಿಕೆಟ್ ಒಂದೇ. ನಾಲ್ಕು ಸೂಟ್‌ಕೇಸ್ ಹಾಕಿದ್ದರು, ಮೂರು ಬಂದವು. ಬೆಲ್ಟ್ ನಿಂತು ಹೋಗುವ ತನಕ ಕಾದಿದ್ದಾರೆ. ಅಲ್ಲಿದ್ದ ಹುಡುಗ ಒಂದು ಚೀಟಿಯಲ್ಲಿ ಫೋನ್ ನಂಬರ್ ಬರೆದುಕೊಟ್ಟು, "ನಾಳೆ ಬರುತ್ತೆ, ಮನೆಗೇ ಕಳಿಸ್ತೀವಿ, ನೀವು ಹೊರಡಿ ಅಂಕಲ್" ಅಂದನಂತೆ. ಅಪ್ಪನಿಗೆ 71, ಅಮ್ಮನಿಗೆ ಮಂಡಿ ನೋವು. ಹೊರಟು ಬಂದುಬಿಟ್ಟರು.

ಆ ನಂಬರ್ ಯಾರೂ ಎತ್ತುತ್ತಿಲ್ಲ. ಆ ಸೂಟ್‌ಕೇಸ್‌ನಲ್ಲಿ ಅಪ್ಪನ ಬಿಪಿ ಮಾತ್ರೆ, ಎರಡನೇ ಕನ್ನಡಕ, ನಾಮಕರಣಕ್ಕೆ ಉಟ್ಟ ಅಮ್ಮನ ಎರಡು ರೇಷ್ಮೆ ಸೀರೆ, ಮಗುವಿನ ಮೊದಲ ಬಟ್ಟೆ, ಟೋಪಿ, ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ್ದ ಪಟ್ಟಿ ಎಲ್ಲ ಇದೆ. ಅಮ್ಮ ನಿನ್ನೆಯಿಂದ ಸರಿಯಾಗಿ ಊಟ ಮಾಡಿಲ್ಲ. ಏನು ಮಾಡಬೇಕು, ಯಾರಿಗೆ ಬರೆಯಬೇಕು, ದಯವಿಟ್ಟು ಹೇಳಿ.

ಹಳೇ_ಕೌಂಟರ್, ಸೋಮವಾರ ಬೆಳಗ್ಗೆ

ಮೇಡಂ, ನಾನು ದೇವನಹಳ್ಳಿಯಲ್ಲಿ ಒಂಬತ್ತು ವರ್ಷ ಬ್ಯಾಗೇಜ್ ಕೌಂಟರ್‌ನಲ್ಲಿ ಕೆಲಸ ಮಾಡಿದ್ದೇನೆ. ಮೊದಲು ಒಂದು ಪ್ರಶ್ನೆ. ಆ ಚೀಟಿಯಲ್ಲಿ ಹತ್ತು ಅಕ್ಷರದ ಒಂದು ನಂಬರ್ ಇದೆಯಾ? ಮೊದಲು ಬಿಎಲ್‌ಆರ್, ಅಂದರೆ ಬೆಂಗಳೂರು ನಿಲ್ದಾಣದ ಗುರುತು, ಆಮೇಲೆ ಕಂಪನಿಯ ಎರಡು ಅಕ್ಷರ, ಕೊನೆಗೆ ಐದು ಅಂಕಿ. ಅದು ಇಲ್ಲದಿದ್ದರೆ ನಿಮ್ಮ ಬ್ಯಾಗು ಕಾಣೆಯಾಗಿದೆ ಅಂತ ಎಲ್ಲೂ ದಾಖಲಾಗಿಲ್ಲ. ಆ ದಾಖಲೆಗೆ ಪಿಐಆರ್ ಅಂತಾರೆ, ಪ್ರಾಪರ್ಟಿ ಇರ್‍ರೆಗ್ಯುಲಾರಿಟಿ ರಿಪೋರ್ಟ್. ಅದನ್ನು ಹಾಕಿದ ಮೇಲೇ ವರ್ಲ್ಡ್‌ಟ್ರೇಸರ್ ಅನ್ನುವ ವ್ಯವಸ್ಥೆಯಲ್ಲಿ ಹುಡುಕಾಟ ಶುರುವಾಗುವುದು. ಯಾವ ಊರಿನಲ್ಲಿ ವಾರಸುದಾರರಿಲ್ಲದ ಬ್ಯಾಗು ಸಿಕ್ಕರೂ ಅಲ್ಲಿನವರು ಅದರಲ್ಲಿ ಹಾಕುತ್ತಾರೆ, ನಿಮ್ಮ ದೂರಿನ ಜೊತೆ ಅದು ತಾಳೆ ಆಗಬೇಕು. ಒಂದು ಕಡೆ ದೂರೇ ಇಲ್ಲ ಅಂದರೆ ತಾಳೆ ಆಗುವುದು ಯಾವುದರ ಜೊತೆ?

ಬೋರ್ಡಿಂಗ್ ಪಾಸ್ ಹಿಂದೆ ಅಂಟಿಸಿರುವ ಚಿಕ್ಕ ಸ್ಟಿಕ್ಕರ್‌ಗಳನ್ನು ಹುಡುಕಿ. ಪ್ರತಿ ಬ್ಯಾಗಿಗೂ ಹತ್ತು ಅಂಕಿಯ ಟ್ಯಾಗ್ ನಂಬರ್ ಇರುತ್ತದೆ. ಬಂದ ಮೂರು ಬ್ಯಾಗಿನ ಟ್ಯಾಗ್ ಇನ್ನೂ ಹರಿದು ಹಾಕಿಲ್ಲ ತಾನೇ? ಅವನ್ನು ನೋಡಿ, ಬಾರದ ಬ್ಯಾಗು ಯಾವುದು ಅಂತ ಕಂಡುಹಿಡಿಯಿರಿ. ಇವತ್ತೇ ಕಂಪನಿಯ ವೆಬ್‌ಸೈಟ್‌ನಲ್ಲಿ ತಡವಾದ ಬ್ಯಾಗಿನ ಅರ್ಜಿ ಹಾಕಿ, ಇಮೇಲ್ ಕೂಡ ಬರೆಯಿರಿ, ಪಿಐಆರ್ ನಂಬರ್ ಕೊಡಿ ಅಂತಲೇ ಕೇಳಿ. ಎರಡು ಕಂಪನಿ ಇದ್ದರೆ ಬೆಂಗಳೂರಿಗೆ ಕರೆತಂದ ಕಂಪನಿಯನ್ನೇ ಮೊದಲು ಕೇಳಿ, ಹುಡುಕುವ ಕೆಲಸ ಸಾಮಾನ್ಯವಾಗಿ ಅವರದು.

ಬಣ್ಣ, ಗಾತ್ರ, ಚಕ್ರ ಎಷ್ಟು, ಬಟ್ಟೆಯದೋ ಗಟ್ಟಿ ಪ್ಲಾಸ್ಟಿಕ್ಕಿನದೋ, ಮೇಲೆ ರಿಬ್ಬನ್ ಕಟ್ಟಿದ್ದರಾ, ಇವೆಲ್ಲ ಬರೆಯಿರಿ. ಒಳಗೆ ಬೇರೆಯವರ ಬಳಿ ಇರದಂಥ ವಸ್ತು ಏನಿದೆ ಅದನ್ನೂ ಬರೆಯಿರಿ. "ಬಟ್ಟೆ" ಅಂತ ಬರೆದರೆ ಏನೂ ಪ್ರಯೋಜನವಿಲ್ಲ. ನೇರಳೆ ರೇಷ್ಮೆ ಸೀರೆ, ಕೈಯಲ್ಲಿ ಹೆಣೆದ ಮಗುವಿನ ಟೋಪಿ ಅಂತ ಬರೆದರೆ, ಟ್ಯಾಗ್ ಕಿತ್ತುಹೋಗಿದ್ದರೂ ಅಲ್ಲಿ ಬ್ಯಾಗು ತೆಗೆದು ನೋಡಿದವರಿಗೆ ಗುರುತು ಸಿಗುತ್ತದೆ.

ಬನಶಂಕರಿ_ಮಗಳು, ಸೋಮವಾರ ಸಂಜೆ

ಸರ್, ತುಂಬಾ ಧನ್ಯವಾದ. ನಂಬರ್ ಇರಲಿಲ್ಲ. ಅರ್ಜಿ ಹಾಕಿ, ಎರಡು ಗಂಟೆ ಫೋನಿನಲ್ಲಿ ಕಾದು, ಈಗ ಪಿಐಆರ್ ನಂಬರ್ ಬಂದಿದೆ. ಆದರೆ ಇನ್ನೊಂದು ಮಾತು ಹೇಳಿದರು. ಮಾತ್ರೆ, ಕನ್ನಡಕ ತಗೊಂಡ ಖರ್ಚು ಕೇಳಿದ್ದಕ್ಕೆ, "ನೀವು ನಿಮ್ಮ ಸ್ವಂತ ಊರಿಗೇ ಬಂದಿದ್ದೀರಿ, ಪರ ಊರಿನಲ್ಲಿ ಇದ್ದವರಿಗೆ ಮಾತ್ರ ತುರ್ತು ಖರ್ಚು ಕೊಡುವುದು" ಅಂದರು. ಇದು ನಿಜವಾ?

ಶಾಂತಿನಗರ_ವಕೀಲ, ಸೋಮವಾರ ರಾತ್ರಿ

ಅದು ಅವರ ಒಳಗಿನ ಪದ್ಧತಿ ಇರಬಹುದು, ಕಾನೂನಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದನ್ನು ತಿಳಿಯದೆ ಜನ ಸುಮ್ನೆ ಬಿಟ್ಟುಬಿಡುತ್ತಾರೆ.

ನಿಮ್ಮ ತಂದೆ ತಾಯಿ ಬಂದದ್ದು ಅಂತಾರಾಷ್ಟ್ರೀಯ ಪ್ರಯಾಣ. ಇದಕ್ಕೆ 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುತ್ತದೆ. ಭಾರತ 2009ರಲ್ಲಿ ಅದಕ್ಕೆ ಸೇರಿತು, ನಮ್ಮ 1972ರ ಕ್ಯಾರೇಜ್ ಬೈ ಏರ್ ಕಾಯ್ದೆಯೊಳಗೇ ಅದನ್ನು ಅಳವಡಿಸಿದ್ದಾರೆ. ಅದರ 19ನೇ ವಿಧಿ ಪ್ರಕಾರ ಬ್ಯಾಗು ತಡವಾಗಿದ್ದರಿಂದ ಆದ ನಷ್ಟಕ್ಕೆ ಕಂಪನಿ ಹೊಣೆ. ತಡ ತಪ್ಪಿಸಲು ಸಾಧ್ಯವಿರುವ ಎಲ್ಲ ಕ್ರಮ ತೆಗೆದುಕೊಂಡಿದ್ದೆವು ಅಂತ ಅವರೇ ತೋರಿಸಬೇಕು. ಸ್ವಂತ ಊರು, ಪರ ಊರು ಅನ್ನುವ ಮಾತೇ ಅಲ್ಲಿ ಇಲ್ಲ. ನಷ್ಟ ಆಗಿದೆ ಅಂತ ನೀವು ತೋರಿಸಬೇಕು, ಅಷ್ಟೇ. ಮನೆಯಲ್ಲಿ ಬೇರೆ ಸೀರೆ ಇರುತ್ತದೆ, ಆದ್ದರಿಂದ ಹೊಸ ಬಟ್ಟೆಯ ಬಿಲ್ ಕೊಟ್ಟರೆ ವಾದ ಮಾಡುತ್ತಾರೆ. ಬಿಪಿ ಮಾತ್ರೆಗೆ ಏನು ವಾದ ಮಾಡುತ್ತಾರೆ? ಬಿಲ್ ಇಟ್ಟುಕೊಳ್ಳಿ. ವೈದ್ಯರ ಚೀಟಿಯನ್ನೂ ಇಟ್ಟುಕೊಳ್ಳಿ.

ಮಿತಿ ಬಗ್ಗೆ. ಒಬ್ಬ ಪ್ರಯಾಣಿಕನಿಗೆ ಈಗ 1,519 ಎಸ್‌ಡಿಆರ್. 2024ರ ಡಿಸೆಂಬರ್ 28ರಿಂದ ಈ ಮೊತ್ತ, ಅದಕ್ಕೂ ಮೊದಲು 1,288 ಇತ್ತು. ಹಳೇ ಅಂಕಿಯನ್ನೇ ಇನ್ನೂ ಕೆಲವರು ಹೇಳುತ್ತಾರೆ, ಒಪ್ಪಬೇಡಿ. ಎಸ್‌ಡಿಆರ್ ಅಂದರೆ ಅಂತಾರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಐದನ್ನೂ ಸೇರಿಸಿ ಅದರ ಬೆಲೆ ಕಟ್ಟುತ್ತಾರೆ. ರೂಪಾಯಿಯಲ್ಲಿ ಒಂದೂಮುಕ್ಕಾಲು ಲಕ್ಷಕ್ಕೂ ಹೆಚ್ಚು ಬರುತ್ತದೆ. ಇದು ಒಂದು ಬ್ಯಾಗಿಗಲ್ಲ, ಒಬ್ಬ ಪ್ರಯಾಣಿಕನಿಗೆ. ಆದರೆ ಮಿತಿ ಅಂದರೆ ಅಷ್ಟೂ ಕೊಡುತ್ತಾರೆ ಅಂತಲ್ಲ, ಆದ ನಷ್ಟವನ್ನು ಅಲ್ಲಿಯವರೆಗೆ ಕೊಡುತ್ತಾರೆ ಅಂತ.

ಒಂದೇ ಟಿಕೆಟ್‌ನಲ್ಲಿ ಎರಡು ಕಂಪನಿ ಇದ್ದರೆ 36ನೇ ವಿಧಿ ನೋಡಿ. ಮೊದಲ ಕಂಪನಿಯನ್ನೂ ಕೇಳಬಹುದು, ಕೊನೆಯದನ್ನೂ ಕೇಳಬಹುದು, ಬ್ಯಾಗು ಯಾರ ಕೈಯಲ್ಲಿದ್ದಾಗ ಹೋಯಿತೋ ಅವರನ್ನೂ ಕೇಳಬಹುದು. "ಅವರನ್ನು ಕೇಳಿ" ಅಂತ ಒಬ್ಬರ ಮೇಲೊಬ್ಬರು ಹಾಕಿದರೆ ಈ ವಿಧಿಯ ಹೆಸರು ಹೇಳಿ ಇಬ್ಬರಿಗೂ ಒಂದೇ ಇಮೇಲ್ ಕಳಿಸಿ.

ಮಲ್ಲೇಶ್ವರ_ಸಂಪಿಗೆ, ಮಂಗಳವಾರ

ನನ್ನ ಅನುಭವವನ್ನೂ ಹೇಳಬೇಕು. ಹೋದ ವರ್ಷ ದೆಹಲಿಯಿಂದ ಬಂದಾಗ ಸೂಟ್‌ಕೇಸ್‌ನ ಒಂದು ಮೂಲೆ ಪೂರ್ತಿ ಒಡೆದಿತ್ತು, ಹಿಡಿಕೆ ಕಿತ್ತು ಬಂದಿತ್ತು. ಮಧ್ಯರಾತ್ರಿ, ಕೊನೆಯ ವಾಯುವಜ್ರ ಬಸ್ ಹೊರಟುಬಿಡುತ್ತದೆ ಅನ್ನುವ ಗಡಿಬಿಡಿ. ನಾಳೆ ಬರೆದರಾಯಿತು ಅಂತ ಮನೆಗೆ ಬಂದೆ. ಆಮೇಲೆ ಮನೆಯಲ್ಲಿ ಮದುವೆ ಓಡಾಟ. ಹನ್ನೊಂದನೇ ದಿನ ಇಮೇಲ್ ಮಾಡಿದೆ. ಒಂದೇ ಸಾಲಿನ ಉತ್ತರ ಬಂತು, ಏಳು ದಿನದೊಳಗೆ ಲಿಖಿತ ದೂರು ಬಂದಿಲ್ಲ, ಆದ್ದರಿಂದ ಪರಿಗಣಿಸಲಾಗದು ಅಂತ. ಫೋಟೋ ಇತ್ತು, ಬಿಲ್ ಇತ್ತು, ಟ್ಯಾಗ್ ಇತ್ತು. ದಿನ ಮಾತ್ರ ದಾಟಿತ್ತು. ಅದು ನನ್ನ ತಂದೆ ಕೊಡಿಸಿದ್ದ ಕೊನೆಯ ಸೂಟ್‌ಕೇಸ್, ಇವತ್ತಿಗೂ ಆ ನಾಲ್ಕು ದಿನ ನೆನೆದರೆ ಬೇಜಾರಾಗುತ್ತದೆ.

ಶಾಂತಿನಗರ_ವಕೀಲ, ಮಂಗಳವಾರ

ಈ ದಿನದ ಲೆಕ್ಕ ಎಲ್ಲರೂ ಬರೆದಿಟ್ಟುಕೊಳ್ಳಿ. ಒಡೆದಿದ್ದರೆ, ಒದ್ದೆಯಾಗಿದ್ದರೆ, ಒಳಗಿನ ವಸ್ತು ಹಾಳಾಗಿದ್ದರೆ ಬ್ಯಾಗು ಕೈಗೆ ಬಂದ ದಿನದಿಂದ 7 ದಿನ. ತಡವಾಗಿ ಬಂದಿದ್ದರೆ ಕೈಗೆ ಬಂದ ದಿನದಿಂದ 21 ದಿನ. ಬರಬೇಕಾದ ದಿನದಿಂದ 21 ದಿನ ಕಳೆದರೂ ಬರದಿದ್ದರೆ ಅದು ಕಳೆದುಹೋದ ಹಾಗೆ, ಅದಕ್ಕೂ ಮೊದಲೇ ಕಂಪನಿ ಒಪ್ಪಿಕೊಂಡರೆ ಅಂದಿನಿಂದಲೇ. ಕೋರ್ಟಿಗೆ ಹೋಗಲು 2 ವರ್ಷ. ಕೌಂಟರ್‌ನಲ್ಲಿ ಪಿಐಆರ್ ಬರೆಸಿದ್ದೇ ಪರಿಹಾರದ ಅರ್ಜಿ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅದನ್ನೇ ನಂಬಿ ಕೂರಬೇಡಿ, ಬೇರೆಯಾಗಿ ಬರವಣಿಗೆಯಲ್ಲಿ ಕಳಿಸಿ.

ದೇಶದೊಳಗಿನ ಪ್ರಯಾಣಕ್ಕೆ ಮಿತಿ ಬೇರೆ. 2014ರ ಅಧಿಸೂಚನೆ ಪ್ರಕಾರ ಒಬ್ಬರಿಗೆ 20,000 ರೂಪಾಯಿ. ಇಷ್ಟು ವರ್ಷಕ್ಕೆ ಇದು ತೀರಾ ಕಡಿಮೆ ಆಯಿತು ಅನ್ನುವುದು ನನ್ನ ಅಭಿಪ್ರಾಯ. ಒಂದು ಒಳ್ಳೆಯ ಸೂಟ್‌ಕೇಸಿಗೇ ಅದರಲ್ಲಿ ಅರ್ಧ ಹೋಗುತ್ತದೆ.

ಜಯನಗರ_ಹಿರಿಯ, ಮಂಗಳವಾರ

ಮಗಳೇ, ಬೇಸರ ಮಾಡಿಕೊಳ್ಳಬೇಡ, ಒಂದು ಮಾತು ಹೇಳುತ್ತೇನೆ. ಎರಡು ಸೀರೆಗೆ ಇಷ್ಟೊಂದು ಓಡಾಟ ಬೇಕಾ? ಅಪ್ಪ ಅಮ್ಮ ಕ್ಷೇಮವಾಗಿ ಮನೆ ಸೇರಿದರಲ್ಲ. ನಾನು ಒಮ್ಮೆ ಹೀಗೆ ಹಿಂದೆ ಬಿದ್ದು ಎಂಟು ತಿಂಗಳು ನೆಮ್ಮದಿ ಕಳೆದುಕೊಂಡೆ, ಕೊನೆಗೆ ಸಿಕ್ಕಿದ್ದು ಮೂರು ಸಾವಿರ. ಪ್ರಯಾಣ ವಿಮೆ ಮಾಡಿಸಿದ್ದರೆ ಅದರಲ್ಲಿ ತಗೊಂಡು ಮುಂದೆ ಹೋಗುವುದು ವಾಸಿ.

ಬನಶಂಕರಿ_ಮಗಳು, ಮಂಗಳವಾರ ರಾತ್ರಿ

ಅಂಕಲ್, ನಿಮ್ಮ ಕಾಳಜಿ ಅರ್ಥವಾಗುತ್ತದೆ. ವಿಮೆ ಇದೆ, ಆದರೆ ಅವರೂ ಪಿಐಆರ್ ಮತ್ತು ವಿಮಾನ ಕಂಪನಿಯ ಪತ್ರ ಕೇಳುತ್ತಿದ್ದಾರೆ. ಹಾಗಾಗಿ ಈ ದಾರಿಯಲ್ಲಿ ಹೇಗೂ ನಡೆಯಲೇಬೇಕು. ಇನ್ನೊಂದು, ಅಮ್ಮ "ನಾನೇ ಸರಿಯಾಗಿ ಪ್ಯಾಕ್ ಮಾಡಲಿಲ್ಲವೇನೋ" ಅಂತ ತನ್ನನ್ನೇ ಬೈದುಕೊಳ್ಳುತ್ತಿದ್ದಾಳೆ. ತಪ್ಪು ಅವಳದ್ದಲ್ಲ ಅಂತ ಕಂಪನಿ ಬರೆದು ಕೊಡಬೇಕು ಅಂತ ನನಗೆ ಆಸೆ.

ಹಳೇ_ಕೌಂಟರ್, ಬುಧವಾರ

ಅಮ್ಮನಿಗೆ ಹೇಳಿ, ಪ್ಯಾಕಿಂಗ್‌ಗೂ ಇದಕ್ಕೂ ಸಂಬಂಧವಿಲ್ಲ. ವಿಮಾನ ಬದಲಿಸುವ ಕಡೆ ಸಮಯ ಕಡಿಮೆ ಇದ್ದರೆ ಮನುಷ್ಯರು ಓಡಿ ಹತ್ತುತ್ತಾರೆ, ಬ್ಯಾಗು ಹಿಂದೆ ಉಳಿಯುತ್ತದೆ. ನಾನು ನೋಡಿದ್ದರಲ್ಲಿ ಇದೇ ಜಾಸ್ತಿ. ಇನ್ನು ಕೆಲವು ಸಲ ಹಳೇ ಪ್ರಯಾಣದ ಬಾರ್‌ಕೋಡ್ ಸ್ಟಿಕ್ಕರ್ ಬ್ಯಾಗಿನ ಮೇಲೆಯೇ ಉಳಿದಿರುತ್ತದೆ, ಯಂತ್ರ ಅದನ್ನು ಓದಿ ತಪ್ಪು ದಾರಿಗೆ ಕಳಿಸುತ್ತದೆ. ಮುಂದಿನ ಸಲ ಹಳೆಯದೆಲ್ಲ ಕಿತ್ತು ಹಾಕಿ, ಬ್ಯಾಗಿನ ಒಳಗೂ ಒಂದು ಹಾಳೆಯಲ್ಲಿ ಹೆಸರು, ಫೋನ್ ಬರೆದಿಡಿ. ಹೊರಡುವ ಮೊದಲು ತೆರೆದ ಬ್ಯಾಗಿನ ಒಂದು ಫೋಟೋ ತೆಗೆಯಿರಿ. ಮಾತ್ರೆ, ಒಡವೆ, ದುಡ್ಡು, ಕಾಗದಪತ್ರ ಕೈಚೀಲದಲ್ಲೇ ಇರಲಿ. ಒಡವೆ, ಲ್ಯಾಪ್‌ಟಾಪ್ ಚೆಕ್-ಇನ್ ಬ್ಯಾಗಿನಲ್ಲಿ ಹಾಕಿದರೆ ಹೊಣೆ ಇಲ್ಲ ಅಂತ ಬಹುತೇಕ ಕಂಪನಿಗಳ ಷರತ್ತಿನಲ್ಲೇ ಇರುತ್ತದೆ.

ಮರೆತಿದ್ದೆ, ಒಂದು ಮುಖ್ಯ ವಿಷಯ. ವಿದೇಶದಿಂದ ತಡವಾಗಿ ಬರುವ ಬ್ಯಾಗು ಕಸ್ಟಮ್ಸ್ ದಾಟಿ ಬರಬೇಕು. ಬ್ಯಾಗು ಬಂದಿಲ್ಲ ಅಂತ ಕಂಪನಿಯಿಂದ ಪತ್ರ ತಗೊಂಡು ಅದಕ್ಕೆ ಕಸ್ಟಮ್ಸ್‌ನವರ ಸಹಿ ಮಾಡಿಸಿದರೆ, ಸುಂಕವಿಲ್ಲದೆ ತರಬಹುದಾದ ಮೊತ್ತದಲ್ಲಿ ಬಳಸದೆ ಉಳಿದದ್ದು ಆ ಬ್ಯಾಗಿಗೆ ಸಿಗುತ್ತದೆ. ಇದು ಹೊರಗೆ ಬರುವ ಮೊದಲೇ ಆಗಬೇಕಾದ ಕೆಲಸ. ನಿಮ್ಮದರಲ್ಲಿ ಹಳೇ ಬಟ್ಟೆಯೇ ಇರುವುದರಿಂದ ತೊಂದರೆ ಆಗಲಾರದು, ಆದರೂ ಒಳಗಿನ ಪಟ್ಟಿಯನ್ನು ಕಂಪನಿಗೆ ಈಗಲೇ ಕಳಿಸಿ. ಬೀಗ ಹಾಕಿದ್ದರೆ ಬೀಗದ ನಂಬರನ್ನೂ ಕೊಡಿ.

ಬ್ಯಾಗು ಮನೆಗೆ ತಂದುಕೊಡುವ ಹುಡುಗ ಸಹಿ ಕೇಳುತ್ತಾನೆ. ಅವನ ಮುಂದೆಯೇ ತೆರೆಯಿರಿ. ಅವನಿಗೆ ಆತುರವಿದ್ದರೆ "ಒಳಗಿನ ವಸ್ತು ನೋಡಿಲ್ಲ" ಅಂತ ಬರೆದು, ಸಮಯ ಹಾಕಿ, ಸಹಿ ಮಾಡಿ. ಅವನ ಮೇಲೆ ರೇಗಬೇಡಿ, ಕೌಂಟರ್‌ನವರ ಮೇಲೂ ಬೇಡ. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂರು ಜನ ಬೈದು ಹೋದ ಮೇಲೆ ಒಬ್ಬರು ಸಮಾಧಾನವಾಗಿ ಮಾತಾಡಿದರೆ ಅವರ ಬ್ಯಾಗಿಗೆ ನಾವು ಇನ್ನೊಂದು ಫೋನ್ ಜಾಸ್ತಿ ಮಾಡುತ್ತಿದ್ದೆವು. ಇದು ನಿಜ.

ವೀಣೆ_ವಿದ್ಯಾರ್ಥಿನಿ, ಗುರುವಾರ

ನನ್ನದೂ ಒಂದು ಪ್ರಶ್ನೆ. ವೀಣೆಯನ್ನು ಗಟ್ಟಿ ಪೆಟ್ಟಿಗೆಯಲ್ಲಿಟ್ಟು ಚೆಕ್-ಇನ್ ಮಾಡಿದ್ದೆ. ಸಿಂಗಪುರಕ್ಕೆ ಹೋಗಿ ತೆರೆದರೆ ಕೊಡದಲ್ಲಿ ಬಿರುಕು, ಮೇಣದಿಂದ ನಾಲ್ಕೈದು ಮೆಟ್ಟಿಲು ಎದ್ದು ಬಂದಿದ್ದವು. ಆ ದಿನವೇ ದೂರು ಕೊಟ್ಟೆ. ಆದರೆ ಬೆಂಗಳೂರಿನ ಕೌಂಟರ್‌ನಲ್ಲಿ ಒಂದು ಸ್ಟಿಕ್ಕರ್ ಮೇಲೆ ಸಹಿ ತಗೊಂಡಿದ್ದರು, ಬೇಗ ಒಡೆಯುವ ವಸ್ತು, ಹಾಳಾದರೆ ಕಂಪನಿ ಹೊಣೆಯಲ್ಲ ಅಂತ. ಅದನ್ನೇ ಹಿಡಿದು ಏನೂ ಕೊಡುವುದಿಲ್ಲ ಅನ್ನುತ್ತಿದ್ದಾರೆ.

ಶಾಂತಿನಗರ_ವಕೀಲ, ಗುರುವಾರ

ಸಹಿ ಮಾಡಿದ ಮಾತ್ರಕ್ಕೆ ಎಲ್ಲ ಮುಗಿಯಲಿಲ್ಲ. ಒಪ್ಪಂದದ 26ನೇ ವಿಧಿ ನೋಡಿ. ಹೊಣೆಯಿಂದ ತಪ್ಪಿಸಿಕೊಳ್ಳಲು ಅಥವಾ ಮಿತಿ ತಗ್ಗಿಸಲು ಕಂಪನಿ ಹಾಕುವ ಷರತ್ತು ಅಸಿಂಧು. ಅವರಿಗೆ ಉಳಿಯುವ ಮುಖ್ಯ ವಾದ, ವಸ್ತುವಿನ ಸ್ವಂತ ದೋಷದಿಂದ ಅಥವಾ ಗುಣದಿಂದ ಹಾಳಾಯಿತು ಅನ್ನುವುದು. ಮೇಣ ಬಿಸಿಗೆ ಕರಗುತ್ತದೆ, ಮೆಟ್ಟಿಲಿನ ಬಗ್ಗೆ ಆ ವಾದ ಮಾಡಬಹುದು. ಹಲಸಿನ ಮರದ ಕೊಡ ತಾನಾಗಿ ಬಿರಿಯಿತಾ? ವೀಣೆ ಮಾಡುವವರಿಂದಲೇ ಒಂದು ಪತ್ರ ಬರೆಸಿ, ಹೊರಗಿನ ಪೆಟ್ಟಿನಿಂದ ಬಿದ್ದ ಬಿರುಕು, ದುರಸ್ತಿಗೆ ಇಷ್ಟು ಅಂತ. ಪೆಟ್ಟಿಗೆಯ ಮೇಲೆ ಪೆಟ್ಟಿನ ಗುರುತಿದ್ದರೆ ಅದರ ಫೋಟೋ ಎಲ್ಲಕ್ಕಿಂತ ಮುಖ್ಯ.

ಮುಂದೆ ಬೆಲೆಬಾಳುವ ವಾದ್ಯ ಒಯ್ಯುವಾಗ ಚೆಕ್-ಇನ್ ಸಮಯದಲ್ಲೇ ಬೆಲೆ ಘೋಷಿಸಬಹುದು, ಅದಕ್ಕೆ ಕಂಪನಿ ಕೇಳಿದರೆ ಹೆಚ್ಚಿನ ಶುಲ್ಕ ಕಟ್ಟಬೇಕು. ಆಗ 1,519 ಎಸ್‌ಡಿಆರ್ ಮಿತಿ ಬದಲು ನೀವು ಘೋಷಿಸಿದ ಬೆಲೆಯೇ ಮಿತಿ. ಕೌಂಟರ್‌ನಲ್ಲಿ ಹಲವರಿಗೆ ಇದು ಗೊತ್ತಿರುವುದಿಲ್ಲ, ಆದ್ದರಿಂದ ಎರಡು ದಿನ ಮೊದಲೇ ಇಮೇಲ್‌ನಲ್ಲಿ ಕೇಳಿ.

ಬನಶಂಕರಿ_ಮಗಳು, 19ನೇ ದಿನ

ಬ್ಯಾಗು ಬಂತು! ರಾತ್ರಿ ಹತ್ತೂವರೆಗೆ. ಹಳೇ_ಕೌಂಟರ್ ಸರ್ ಹೇಳಿದಂತೆ ಹುಡುಗನ ಮುಂದೆಯೇ ತೆರೆದೆವು, ಪಾಪ ಅವನೇ ಟಾರ್ಚ್ ಹಿಡಿದ. ಸೂಟ್‌ಕೇಸ್ ಎಲ್ಲೋ ಮಳೆಯಲ್ಲಿ ನೆನೆದಿದೆ, ಒಂದು ಚಕ್ರ ಇಲ್ಲ. ಒಂದು ಸೀರೆಗೆ ಇನ್ನೊಂದರ ಬಣ್ಣ ಹತ್ತಿದೆ, ಬೂಷ್ಟು ವಾಸನೆ. ಕನ್ನಡಕ ಸರಿಯಾಗಿದೆ. ಮಗುವಿನ ಬಟ್ಟೆ ಪ್ಲಾಸ್ಟಿಕ್ ಕವರಿನಲ್ಲಿದ್ದದ್ದರಿಂದ ಉಳಿಯಿತು, ಆ ಪಟ್ಟಿಯೂ ಸಿಕ್ಕಿತು. ಅಮ್ಮ ಅದನ್ನು ದೇವರ ಮನೆಯಲ್ಲಿಟ್ಟಿದ್ದಾಳೆ.

ರಸೀದಿಯ ಮೇಲೆ "ಒದ್ದೆಯಾಗಿದೆ, ಚಕ್ರ ಮುರಿದಿದೆ" ಅಂತ ಬರೆದು ಸಹಿ ಮಾಡಿದೆ. ಈಗ ಇದು ತಡದ ಲೆಕ್ಕವಾ, ಹಾಳಾದ ಲೆಕ್ಕವಾ?

ಶಾಂತಿನಗರ_ವಕೀಲ, 20ನೇ ದಿನ

ಎರಡೂ. 7 ದಿನ ಅಂತಲೇ ಇಟ್ಟುಕೊಂಡು ಇವತ್ತೇ ಒಂದೇ ಪತ್ರದಲ್ಲಿ ಎರಡನ್ನೂ ಬರೆಯಿರಿ. ದೂರು ಬರೆಯದೆ ಬ್ಯಾಗು ತಗೊಂಡರೆ ಸರಿಯಾಗಿಯೇ ತಲುಪಿತು ಅಂತ ಮೊದಲು ಎಣಿಸುತ್ತಾರೆ, ನೀವು ರಸೀದಿಯಲ್ಲೇ ಬರೆದಿದ್ದು ತುಂಬಾ ಒಳ್ಳೆಯದಾಯಿತು.

ಸೀರೆಯ ಬಿಲ್ ಇಲ್ಲದಿದ್ದರೆ ಹೆದರಬೇಡಿ. ನಾಮಕರಣದ ಫೋಟೋದಲ್ಲಿ ಅಮ್ಮ ಅದನ್ನು ಉಟ್ಟಿದ್ದಾರಲ್ಲ, ಅದು ಸಾಕ್ಷಿ. ಕೊಂಡ ವರ್ಷ, ಬೆಲೆ, ಕಾರ್ಡಿನಲ್ಲಿ ಕೊಟ್ಟಿದ್ದರೆ ಬ್ಯಾಂಕಿನ ಪಟ್ಟಿ, ಡ್ರೈಕ್ಲೀನಿಂಗ್ ಅಂಗಡಿಯವರು ಇದು ಹೋಗುವುದಿಲ್ಲ ಅಂತ ಬರೆದುಕೊಟ್ಟ ಚೀಟಿ, ಸೂಟ್‌ಕೇಸ್ ದುರಸ್ತಿಯ ಅಂದಾಜು, ಇವನ್ನು ಸೇರಿಸಿ. ಹಳೇ ವಸ್ತುವಿಗೆ ವರ್ಷದ ಲೆಕ್ಕದಲ್ಲಿ ಬೆಲೆ ಕಡಿಮೆ ಮಾಡುತ್ತಾರೆ, ಅದಕ್ಕೆ ಸಿದ್ಧರಾಗಿರಿ. ಇಲ್ಲದ್ದನ್ನು ಒಂದೂ ಸೇರಿಸಬೇಡಿ. ಒಂದು ಸುಳ್ಳು ಸಿಕ್ಕರೆ ಉಳಿದ ನಿಜಕ್ಕೂ ಬೆಲೆ ಹೋಗುತ್ತದೆ.

ಬನಶಂಕರಿ_ಮಗಳು, 41ನೇ ದಿನ

ಕಂಪನಿಯಿಂದ ಉತ್ತರ ಬಂತು. ಮುಂದಿನ ಟಿಕೆಟ್‌ನಲ್ಲಿ ಬಳಸಲು 8,000 ರೂಪಾಯಿ ವೋಚರ್ ಕೊಡುತ್ತಾರಂತೆ, ಒಪ್ಪಿದರೆ ಇದೇ ಅಂತಿಮ ಅಂತ ಸಹಿ ಮಾಡಬೇಕಂತೆ. ನಾನು ಕೇಳಿದ್ದು 46,300.

ಶಾಂತಿನಗರ_ವಕೀಲ, 41ನೇ ದಿನ

ಸಹಿ ಮಾಡಬೇಡಿ. ವೋಚರ್ ಬೇಡ, ಹಣ ಕೊಡಿ, ಪ್ರತಿ ಸಾಲನ್ನು ಯಾಕೆ ಕಡಿತ ಮಾಡಿದಿರಿ ಅಂತ ಬರೆದು ತಿಳಿಸಿ ಅಂತ ಕೇಳಿ. 15 ದಿನ ಗಡುವು ಕೊಡಿ. ಜೊತೆಗೆ ನಾಗರಿಕ ವಿಮಾನಯಾನ ಸಚಿವಾಲಯದ ಏರ್‌ಸೇವಾದಲ್ಲಿ ದೂರು ಹಾಕಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೂ ಹೇಳಿ. ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನೀವು ವಾಸವಿರುವ ಊರಿನಲ್ಲೇ ದೂರು ಹಾಕಬಹುದು. ನಿಮ್ಮದು ಬೆಂಗಳೂರಿನಿಂದ ಹೋಗಿ ಬರುವ ಟಿಕೆಟ್, ಹಾಗಾಗಿ ಮಾಂಟ್ರಿಯಲ್ ಒಪ್ಪಂದದ ಲೆಕ್ಕದಲ್ಲೂ ಪ್ರಯಾಣದ ಕೊನೆಯ ಊರು ಇದೇ, ಇಲ್ಲೇ ಕೇಳಬಹುದು. ಟಿಕೆಟ್‌ಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಆಯೋಗದಲ್ಲಿ ಶುಲ್ಕವಿಲ್ಲ, ಆನ್‌ಲೈನ್‌ನಲ್ಲಿ ಇ-ಜಾಗೃತಿ ಮೂಲಕ ಹಾಕಬಹುದು, ವಕೀಲರು ಬೇಕೇಬೇಕು ಅಂತಿಲ್ಲ. ವಕೀಲನಾಗಿಯೇ ಇದನ್ನು ಹೇಳುತ್ತಿದ್ದೇನೆ.

ಬನಶಂಕರಿ_ಮಗಳು, 68ನೇ ದಿನ

ಆಯೋಗದ ತನಕ ಹೋಗಬೇಕಾಗಲಿಲ್ಲ. ಏರ್‌ಸೇವಾದಲ್ಲಿ ದೂರು ಹಾಕಿದ ಎರಡು ವಾರಕ್ಕೆ ಬೇರೆ ಅಧಿಕಾರಿಯಿಂದ ಫೋನ್ ಬಂತು, ಪ್ರತಿ ಬಿಲ್ ಕೇಳಿದರು. ನಿನ್ನೆ ಅಪ್ಪನ ಖಾತೆಗೆ 34,750 ಬಂದಿದೆ. ಒಂದು ಸೀರೆಗೆ ಅರ್ಧ ಬೆಲೆ ಕಡಿತ ಮಾಡಿದ್ದಾರೆ, ಮಾತ್ರೆಯ ಖರ್ಚು ಪೂರ್ತಿ ಕೊಟ್ಟಿದ್ದಾರೆ. ಜೊತೆಗೆ ಒಂದು ಪತ್ರ, ವಿಮಾನ ಬದಲಿಸುವ ಕಡೆ ಬ್ಯಾಗು ಹಿಂದುಳಿದದ್ದು ನಮ್ಮ ಲೋಪ ಅಂತ. ಅದನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿದೆ. ಇನ್ನೊಂದು ಸಲ ಓದು ಅಂದಳು.

ಯಲಹಂಕ_ಹೊಸಬ, 70ನೇ ದಿನ, ಬೆಳಗಿನ ಜಾವ 2.40

ಇದನ್ನೆಲ್ಲ ಓದುತ್ತಾ ಟರ್ಮಿನಲ್ 2ರ ಬೆಲ್ಟ್ ಹತ್ತಿರವೇ ನಿಂತಿದ್ದೇನೆ. ನಮ್ಮದು ಎರಡು ಬ್ಯಾಗು ಬಂದಿಲ್ಲ. ಮಕ್ಕಳು ನಿದ್ದೆ ಮಾಡುತ್ತಿದ್ದಾರೆ, ಟ್ಯಾಕ್ಸಿಯವನು ಫೋನ್ ಮಾಡುತ್ತಿದ್ದಾನೆ. ಇಲ್ಲಿ ನಾಳೆ ಬನ್ನಿ ಅನ್ನುತ್ತಿದ್ದಾರೆ.

ಬನಶಂಕರಿ_ಮಗಳು, ಬೆಳಗಿನ ಜಾವ 2.46

ಹೊರಗೆ ಬರಬೇಡಿ, ಬಂದರೆ ಮತ್ತೆ ಒಳಗೆ ಬಿಡುವುದಿಲ್ಲ. ಟ್ಯಾಕ್ಸಿಯವರಿಗೆ ಅರ್ಧ ಗಂಟೆ ಕಾಯಲು ಹೇಳಿ. ಬೋರ್ಡಿಂಗ್ ಪಾಸ್ ಹಿಂದಿನ ಸ್ಟಿಕ್ಕರ್ ತೋರಿಸಿ, ಪಿಐಆರ್ ಅಂತ ಹೆಸರು ಹೇಳಿಯೇ ಕೇಳಿ, ಎರಡೂ ಟ್ಯಾಗ್ ನಂಬರ್ ಅದರಲ್ಲಿ ಇದೆಯಾ ನೋಡಿ. ಕಸ್ಟಮ್ಸ್ ಸಹಿ ಮರೆಯಬೇಡಿ. ನಾನು ಎದ್ದೇ ಇದ್ದೇನೆ, ಏನಾದರೂ ಬೇಕಿದ್ದರೆ ಇಲ್ಲೇ ಬರೆಯಿರಿ.

ಯಲಹಂಕ_ಹೊಸಬ, ಬೆಳಗಿನ ಜಾವ 3.25

ನಂಬರ್ ಕೊಟ್ಟರು ಅಕ್ಕಾ. ಎರಡೂ ಟ್ಯಾಗ್ ಇದೆ. ಈಗ ಕಸ್ಟಮ್ಸ್ ಸಾಲಿನಲ್ಲಿ ನಿಂತಿದ್ದೇನೆ.